ಸೋಮಾರಿ ಹಿತ್ತಲು

(ಪುಣೆಯ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಮಾರ್ಚ್ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಕೃಷಿ ಓದಿದವಳಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು, ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತಳಾದವಳು. ಕೋಥ್ರೂಡಿನ ಹಳೇ ಸೊಸೈಟಿಯೊಂದರಲ್ಲಿ ನೆಲಮಹಡಿಯ ಮನೆ ನಮ್ಮದು. ಹಿಂದೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಜಾಗ ಇದೆ. ಅಷ್ಟೇ ನನ್ನ ಜಮೀನು. ಹನ್ನೊಂದು ವರ್ಷದಿಂದ ನಮ್ಮ ಮನೆಯ ಹಸಿ ಕಸ ಆ ಜಾಗ ದಾಟಿ ಹೊರಗೆ ಹೋಗಿಲ್ಲ ಎನ್ನಬಹುದು. ಅದಕ್ಕೇ ನನ್ನನ್ನು ಮಾತಾಡಲು ಕರೆದಿದ್ದಾರೆ.

ಮೊದಲು ಒಂದು ಪ್ರಶ್ನೆ. ಗೊಬ್ಬರದ ಡಬ್ಬಿ ಎಷ್ಟು ಜನ ತಂದಿದ್ದೀರಿ? ಕೈ ಎತ್ತಿ ನೋಡೋಣ. ಸರಿ, ಹತ್ತು-ಹನ್ನೆರಡು ಕೈ. ಈಗಲೂ ಅದು ನಡೆಯುತ್ತಿರುವವರು ಮಾತ್ರ ಕೈ ಎತ್ತಿರಿ. ನೋಡಿ, ಮೂರೇ ಉಳಿದವು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಡಬ್ಬಿಯ ಜೊತೆ ಬರುವ ಚೀಟಿ ಓದಿದ್ದೀರಲ್ಲ? ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ಮೇಲೆ ಇಂಥ ಪುಡಿ ಉದುರಿಸಿ. ಮೂರು ದಿನಕ್ಕೊಮ್ಮೆ ಕಲಸಿ. ಕೆಳಗೆ ಇಳಿದ ನೀರು ಬಸಿದು ಹತ್ತು ಪಾಲು ನೀರು ಬೆರೆಸಿ ಗಿಡಕ್ಕೆ ಹಾಕಿ. ಆಮೇಲೆ ಒಣಗಿಸಿ, ಜರಡಿ ಹಿಡಿಯಿರಿ. ಇಷ್ಟೆಲ್ಲ ಯಾರು ಮಾಡಬೇಕು? ಬೆಳಿಗ್ಗೆ ಡಬ್ಬಿ ಕಟ್ಟಿ, ದೋಸೆಗೆ ನೆನೆಹಾಕಿ, ಅತ್ತೆಯವರ ಮಾತ್ರೆ ತೆಗೆದಿಟ್ಟು, ಎಂಟೂವರೆಯ ಬಸ್ಸು ಹಿಡಿಯುವವಳೇ ಮಾಡಬೇಕು. ಡಬ್ಬಿಯನ್ನು ಆನ್‌ಲೈನಿನಲ್ಲಿ ತರಿಸುವುದು ಹೆಚ್ಚಾಗಿ ಮನೆಯ ಗಂಡಸರು. ಅದರ ಮುಚ್ಚಳ ತೆಗೆಯುವವರು ನಾವು.

ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ವಿಷಯ. ನಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸುವ ಗೊಬ್ಬರ ನಮಗೆ ಬೇಡ. ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೇಳದ ಗೊಬ್ಬರ ಸಾಧ್ಯ ಇದೆ, ಮತ್ತು ಅಂಥದ್ದು ಮಾತ್ರ ಹತ್ತು ವರ್ಷ ನಡೆಯುತ್ತದೆ.

ಇದು ನನ್ನ ಬುದ್ಧಿ ಅಲ್ಲ, ತವರಿನದ್ದು. ನಮ್ಮ ಕಡೆ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಎಂದು ಇರುತ್ತದೆ. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಅಲ್ಲಿಂದ ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು ತಂದು ಕೊಟ್ಟಿಗೆಗೆ ಹಾಸುತ್ತಾರೆ. ದರಕು ಅಂದರೆ ಒಣಗಿ ಉದುರಿದ ಎಲೆ. ನಿಮ್ಮಲ್ಲಿ ಕೆಲವರು ತರಗೆಲೆ ಅನ್ನುತ್ತೀರಿ. ದನದ ಸಗಣಿ, ಗಂಜಲ ಅದರ ಮೇಲೆ ಬಿದ್ದು, ಅದನ್ನು ಎಳೆದು ಗೊಬ್ಬರಗುಂಡಿಗೆ ಹಾಕಿದರೆ ಮುಗಿಯಿತು. ಮತ್ತೆ ಅದನ್ನು ಯಾರೂ ಕಲಸಲಿಲ್ಲ, ಪುಡಿ ಉದುರಿಸಲಿಲ್ಲ. ವರ್ಷಕ್ಕೊಮ್ಮೆ ತೆಗೆದು ತೋಟಕ್ಕೆ ಹೊತ್ತರು. ಈಗ ಹಿಂದಿರುಗಿ ಯೋಚಿಸಿದರೆ, ಒಂದಕ್ಕೆ ಒಂಬತ್ತು ಎನ್ನುವ ಆ ಲೆಕ್ಕದಲ್ಲೇ ಗುಟ್ಟಿದೆ ಅನ್ನಿಸುತ್ತದೆ. ಗೊಬ್ಬರ ಅಂದರೆ ಬಹುಪಾಲು ಎಲೆ. (ಬೆಟ್ಟದಿಂದ ಆ ದರಕನ್ನು ಗುಡಿಸಿ ತಲೆಯ ಮೇಲೆ ಹೊತ್ತು ತರುತ್ತಿದ್ದವರು ಹೆಂಗಸರೇ. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಹಳ್ಳಿಯಲ್ಲಿ ಎಲ್ಲ ತಾನೇ ಆಗುತ್ತಿತ್ತು ಎಂದು ನೀವು ತಿಳಿದೀರಿ.)

ಪುಸ್ತಕದ ಭಾಷೆಯಲ್ಲಿ ಇದಕ್ಕೆ ಇಂಗಾಲ-ಸಾರಜನಕದ ಅನುಪಾತ ಎನ್ನುತ್ತಾರೆ. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು-ಮೂವತ್ತು ಪಾಲು ಇಂಗಾಲ ಇದ್ದರೆ ಹಿತ. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಅದಕ್ಕಿಂತ ಕಡಿಮೆ, ಒಣ ಎಲೆಯಲ್ಲಿ ಬಹಳ ಹೆಚ್ಚು. ಎರಡೂ ಸೇರಿದರೆ ಸರಿಹೋಗುತ್ತದೆ. ಬರೀ ಸಿಪ್ಪೆ ಹಾಕಿದ ಡಬ್ಬಿಯಲ್ಲಿ ನೀರು ಬಿಟ್ಟು, ಗಾಳಿ ಆಡದೆ, ನಾತ ಬರುತ್ತದೆ. ನಿಂತುಹೋದ ಡಬ್ಬಿಗಳಲ್ಲಿ ಹೆಚ್ಚಿನವು ನಿಂತದ್ದು ಈ ನಾತಕ್ಕೆ. ನಾತ ಬಂದದ್ದು ಎಲೆ ಸಾಲದ್ದಕ್ಕೆ. ನೀವು ಕಲಸದೇ ಇದ್ದದ್ದಕ್ಕಲ್ಲ.

ಈಗ ನಾನು ಏನು ಮಾಡುತ್ತೇನೆ, ಹೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಸಿಗುತ್ತದೆ. ಮೂರು ಅಡಿ ಎತ್ತರದ್ದು, ಹತ್ತು ಅಡಿ ಉದ್ದ ತಂದು ದುಂಡಗೆ ಸುತ್ತಿ ತಂತಿಯಿಂದ ಕಟ್ಟಿದರೆ ಮೂರಡಿ ಅಗಲದ ಒಂದು ಬಳೆ ಆಗುತ್ತದೆ. ತಳಕ್ಕೂ ಅದೇ ಜಾಲರಿಯ ಒಂದು ತುಂಡು ಹಾಸಬೇಕು, ಯಾಕೆಂದು ಆಮೇಲೆ ಹೇಳುತ್ತೇನೆ. ನೇರ ಮಣ್ಣಿನ ಮೇಲೆ ಇಡಿ, ಸಿಮೆಂಟಿನ ಮೇಲೆ ಬೇಡ. ತಳದಲ್ಲಿ ಒಂದು ಅಡಿ ಒಣ ಎಲೆ. ಆಮೇಲೆ ದಿನಾ ಅಡುಗೆಮನೆಯ ಸಿಪ್ಪೆ, ಅದರ ಮೇಲೆ ಅದರ ಎರಡು ಪಟ್ಟು ಒಣ ಎಲೆ. ಸಿಪ್ಪೆ ಕಣ್ಣಿಗೆ ಕಾಣಬಾರದು, ಅದೇ ಅಳತೆ. ಹೆಚ್ಚುವುದಿಲ್ಲ, ಕಲಸುವುದಿಲ್ಲ, ಪುಡಿ ಇಲ್ಲ, ಎರೆಹುಳ ಕೊಳ್ಳುವುದಿಲ್ಲ. ಎರೆಹುಳ ಮಣ್ಣಿನಿಂದ ತಾವೇ ಹತ್ತಿ ಬರುತ್ತವೆ. ಮೇಲೆ ಒಂದು ಹಳೇ ತಗಡು, ಅದು ಹಾರದ ಹಾಗೆ ಒಂದು ಕಲ್ಲು.

ನಮ್ಮಲ್ಲಿ ನಾಲ್ಕು ಜನ. ಒಂದು ಬಳೆ ತುಂಬಲು ಐದಾರು ತಿಂಗಳು ಬೇಕು, ಏಕೆಂದರೆ ಅದು ಇಳಿಯುತ್ತಲೇ ಇರುತ್ತದೆ. ಮೊದಲನೆಯದು ತುಂಬಿದಾಗ ಪಕ್ಕದಲ್ಲಿ ಎರಡನೆಯದನ್ನು ಶುರು ಮಾಡುವುದು, ಮೊದಲನೆಯದನ್ನು ಮರೆತುಬಿಡುವುದು. ಇನ್ನಾರು ತಿಂಗಳ ಮೇಲೆ ತಂತಿ ಬಿಚ್ಚಿದರೆ ಒಳಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ. ಸುಮಾರು ಹದಿನೈದು ಘಮೇಲೆ ಸಿಗುತ್ತದೆ. ಜರಡಿ ಹಿಡಿಯುವ ಗೋಜಿಲ್ಲ. ಕರಗದೆ ಉಳಿದ ಮಾವಿನ ಗೊರಟೆ, ಕಡ್ಡಿ, ಹಲಸಿನ ಎಲೆ ಎಲ್ಲ ಎರಡನೇ ಬಳೆಗೆ ಹೋಗುತ್ತವೆ. ತೆಂಗಿನ ಚಿಪ್ಪು ಮಾತ್ರ ಹಾಕಬೇಡಿ, ಅದು ನಮಗಿಂತ ಹೆಚ್ಚು ಕಾಲ ಬಾಳುತ್ತದೆ.

ದೊಡ್ಡ ರಾಶಿ ಹಾಕಿ ಬಿಸಿಯೇರಿಸಿದರೆ ಎರಡು ತಿಂಗಳಲ್ಲೇ ಗೊಬ್ಬರ ಆಗುತ್ತದೆ ಎಂದು ಓದಿರುತ್ತೀರಿ. ಆಗುತ್ತದೆ. ಅದಕ್ಕೆ ಒಮ್ಮೆಗೇ ಅಷ್ಟು ಕಸ ಬೇಕು, ಮತ್ತೆ ಮತ್ತೆ ಮಗುಚುವ ತೋಳೂ ಬೇಕು. ನನ್ನ ಬಲ ಭುಜ ಈಗಾಗಲೇ ಫಿಸಿಯೋಥೆರಪಿಯವರ ಕೈಯಲ್ಲಿದೆ. ನಿಧಾನದ ರಾಶಿ ಬಿಸಿಯೇರುವುದಿಲ್ಲ, ಆದ್ದರಿಂದ ಬೀಜಗಳು ಸಾಯುವುದಿಲ್ಲ. ಅದನ್ನು ದೋಷ ಎಂದು ಬರೆಯುತ್ತಾರೆ. ನನ್ನ ಟೊಮ್ಯಾಟೊ, ಕುಂಬಳ, ಪಪ್ಪಾಯಿ ಎಲ್ಲ ಹಾಗೆ ಹುಟ್ಟಿದವು. ಬೀಜಕ್ಕೆ ಒಂದು ರೂಪಾಯಿ ಕೊಟ್ಟಿಲ್ಲ.

ಇನ್ನು ಎಲೆ ಎಲ್ಲಿಂದ? ಇದೊಂದೇ ವಿಷಯಕ್ಕೆ ಸ್ವಲ್ಪ ಮುಂದಾಲೋಚನೆ ಬೇಕು, ಮತ್ತು ಇವತ್ತಿನ ಸಭೆ ಮಾರ್ಚಿನಲ್ಲಿ ಇರುವುದು ಒಳ್ಳೆಯದಾಯಿತು. ಈಗ ಹೊರಗೆ ಹೋಗಿ ನೋಡಿ, ರಸ್ತೆಯ ತುಂಬ ಎಲೆ. ಮಳೆಮರ, ಗುಲ್‌ಮೊಹರ್‌ಗಳ ಸಣ್ಣ ಎಲೆ ಬೇಗ ಕರಗುತ್ತವೆ. ಮಾವಿನ ಎಲೆ ನಿಧಾನ, ಆದರೂ ಆಗುತ್ತದೆ. ಹೋಳಿಯ ಆಸುಪಾಸಿನ ಒಂದೂವರೆ ತಿಂಗಳಲ್ಲಿ ವರ್ಷಕ್ಕೆ ಬೇಕಾದಷ್ಟು ಸಿಗುತ್ತದೆ. ನಮ್ಮ ಮನೆಗೆ ಒತ್ತಿ ತುಂಬಿದ ಹನ್ನೆರಡು ಗೋಣಿಚೀಲ ಸಾಕು. ಸೊಸೈಟಿ ಗುಡಿಸುವ ಕಾಕಾ ಮೊದಲೆಲ್ಲ ಎಲೆಯನ್ನು ಗೇಟಿನ ಮೂಲೆಯಲ್ಲಿ ಸುಡುತ್ತಿದ್ದರು. ಬಯಲಲ್ಲಿ ಕಸ ಸುಡುವುದಕ್ಕೆ ಘನತ್ಯಾಜ್ಯ ನಿಯಮದಲ್ಲಿ ನಿಷೇಧವಿದೆ, ಆದರೆ ನಾನು ಅವರಿಗೆ ಕಾನೂನು ಹೇಳಲಿಲ್ಲ. ಖಾಲಿ ಚೀಲ ಕೊಟ್ಟೆ, ತುಂಬಿದ ಚೀಲಕ್ಕೆ ಇಷ್ಟು ಎಂದು ದುಡ್ಡು ಕೊಟ್ಟೆ. ಸುಡುವುದು ನಿಂತಿತು. ಮೂರನೇ ಮಹಡಿಯ ದಮ್ಮಿನ ಅಜ್ಜಿಗೆ ಆ ವರ್ಷ ಬೇಸಿಗೆ ಸ್ವಲ್ಪ ಹಗುರವಾಗಿ ಕಳೆಯಿತು. ಚೀಲಗಳನ್ನು ಸೂರಿನ ಕೆಳಗೆ ಒಣ ಜಾಗದಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಒಣ ಎಲೆ ಚಿನ್ನದ ಹಾಗೆ. ಆಗ ಹುಡುಕಿದರೆ ಸಿಗುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಆಗುತ್ತದೆ. ತಗಡು ಎತ್ತಿದರೆ ಬೂದುಗಂದು ಬಣ್ಣದ ದಪ್ಪ ಹುಳಗಳು ನೂರಾರು ಸರಸರ ಎಂದು ಹರಿದಾಡುತ್ತಿರುತ್ತವೆ. ಬಹಳ ಜನ ಇಲ್ಲಿಗೇ ಕೈಮುಗಿದು ಬಿಟ್ಟುಬಿಡುತ್ತಾರೆ. ಇವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎನ್ನುವ ನೊಣದ ಮರಿಗಳು. ಮನೆನೊಣದ ಹಾಗೆ ಈ ನೊಣ ನಮ್ಮ ಅನ್ನದ ಮೇಲೆ ಬಂದು ಕೂರುವುದಿಲ್ಲ, ಕಚ್ಚುವುದೂ ಇಲ್ಲ. ಮರಿಗಳು ಮಾತ್ರ ಒಂದು ಬಟ್ಟಲು ಹಳಸಿದ ಅನ್ನವನ್ನು ಎರಡು ದಿನದಲ್ಲಿ ಮುಗಿಸುತ್ತವೆ. ಒಂದೆರಡು ಹಿಡಿ ಹೆಚ್ಚು ಎಲೆ ಮುಚ್ಚಿ ಒಳಗೆ ಬನ್ನಿ. ನೋಡದಿದ್ದರೆ ಆಯಿತು. ಬೇಸಿಗೆಯಲ್ಲಿ ಉಲ್ಟಾ, ರಾಶಿ ಒಣಗಿ ಕೆಲಸ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಅಕ್ಕಿ-ಬೇಳೆ ತೊಳೆದ ನೀರು ಸುರಿದರೆ ಮತ್ತೆ ಎದ್ದುಕೊಳ್ಳುತ್ತದೆ.

ತಳಕ್ಕೆ ಜಾಲರಿ ಹೇಳಿದೆನಲ್ಲ, ಅದು ಹೆಗ್ಗಣಕ್ಕೆ. ಇಲ್ಲಿಯವರು ಘೂಸ್ ಅನ್ನುತ್ತಾರಲ್ಲ, ಅದೇ. ಕೆಳಗಿನಿಂದ ಬಿಲ ತೋಡಿ ಬರುತ್ತದೆ. ಕರಿದ ತಿಂಡಿ, ಎಣ್ಣೆ, ಮೀನು-ಮಾಂಸದ ಉಳಿಕೆ ಹಾಕಬೇಡಿ. ಉಳಿದ ಅನ್ನ-ಪಲ್ಯ ಸ್ವಲ್ಪ ಇದ್ದರೆ ನಡುವೆ ಗುಂಡಿ ಮಾಡಿ ಹೂತು ಎಲೆ ಮುಚ್ಚಿ. ದೇವರ ಹೂವಿನ ವಿಷಯ ನಮ್ಮ ಅತ್ತೆಯವರು ಕೇಳಿದ್ದರು: ಈರುಳ್ಳಿ ಸಿಪ್ಪೆಯ ಜೊತೆ ನಿರ್ಮಾಲ್ಯ ಹಾಕುತ್ತೀಯಾ? ಅವರ ಮಾತಿಗೆ ಬೆಲೆ ಕೊಟ್ಟು ಅದಕ್ಕೆ ಬೇರೆ ಒಂದು ಮಣ್ಣಿನ ಕುಂಡ ಇಟ್ಟೆವು. ಹಾರದ ದಾರ, ಜರಿ ತೆಗೆದು ಹೂವು ಮಾತ್ರ. ಅದರ ಗೊಬ್ಬರ ತುಳಸಿಗೆ. ಗಣಪತಿ ವಿಸರ್ಜನೆಯಲ್ಲಿ ಇದೇ ಊರಿನ ಘಾಟುಗಳಲ್ಲಿ ನಿರ್ಮಾಲ್ಯ ಕಲಶ ಇಡುತ್ತಾರಲ್ಲ, ಅದನ್ನು ಹೇಳಿದ ಮೇಲೆ ಅವರಿಗೂ ಸಮಾಧಾನವಾಯಿತು.

ಸೊಸೈಟಿಯ ಮಾತು. ಎರಡನೇ ವರ್ಷ ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ತಕರಾರು ಬಂತು. ಹಿಂದಿನ ಕಟ್ಟಡದವರು, ನಿಮ್ಮ ಕಸದ ರಾಶಿಯಿಂದ ವಾಸನೆ, ಸೊಳ್ಳೆ ಎಂದರು. ತೆಗೆಸಬೇಕು ಎಂದು ಠರಾವು ಬರೆಯಲು ಸಿದ್ಧರಾಗಿದ್ದರು. ನಾನು ವಾದ ಮಾಡಲಿಲ್ಲ. ಚಹಾ ವಿರಾಮದಲ್ಲಿ ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ, ರಾಶಿಯ ಪಕ್ಕದಲ್ಲೇ ನಿಂತು ಚಹಾ ಕುಡಿದೆವು. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಅದು ಇದ್ದದ್ದು ಪಂಪಿನ ಮನೆಯ ಪಕ್ಕದ ಒಡೆದ ಟ್ಯಾಂಕಿನಲ್ಲಿ. ಠರಾವು ಬರೆಯಲಿಲ್ಲ, ಆದರೆ ಅವರೆಲ್ಲ ಒಪ್ಪಿದರು ಎಂದೂ ಹೇಳಲಾರೆ. ಒಬ್ಬರು ಇವತ್ತಿಗೂ ನಮ್ಮ ಗೋಡೆಯ ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ಯಾಕೆ, ಕಸದವರು ಬಂದು ಒಯ್ಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಒಯ್ಯುವವರು ಯಾರು ಎಂದು ನೋಡಿದ್ದೀರಾ? ಪುಣೆಯಲ್ಲಿ ಮನೆಮನೆಯಿಂದ ಕಸ ಎತ್ತುವ 'ಸ್ವಚ್ಛ' ಸಹಕಾರಿ ಸಂಸ್ಥೆಯ ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. 1993ರಲ್ಲಿ ಚಿಂದಿ ಆಯುವವರು ಸೇರಿ ಕಟ್ಟಿದ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎನ್ನುವ ಸಂಘಟನೆಯಿಂದ ಬೆಳೆದದ್ದು ಅದು. ನಮ್ಮ ಓಣಿಗೆ ಬರುವ ತಾಈ ದಿನಾ ಎಷ್ಟೋ ಮನೆಗಳ ಹಸಿ ಕಸವನ್ನು ಕೈಯಲ್ಲೇ ಬೇರ್ಪಡಿಸುತ್ತಾಳೆ. ನಾವು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿ ಕೊಟ್ಟ ಸಾರು, ಸಿಪ್ಪೆ, ಡೈಪರ್ ಎಲ್ಲ ಅವಳ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅದು ಹೋಗುವ ಜಾಗ. ಉರುಳಿ ದೇವಾಚಿ, ಫುರ್ಸುಂಗಿಯ ಜನ ಈ ಊರಿನ ಕಸದ ರಾಶಿಯ ವಿರುದ್ಧ ಎಷ್ಟು ವರ್ಷ ಹೋರಾಡಿದರು, ಬಾವಿ ನೀರು ಕೆಟ್ಟಿತೆಂದು ಎಷ್ಟು ಸಲ ಲಾರಿ ತಡೆದರು ಎಂಬುದು ಇಲ್ಲಿ ಬಹಳ ವರ್ಷ ಇರುವವರಿಗೆ ನೆನಪಿರುತ್ತದೆ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದ್ದು. ಅದು ಹಿತ್ತಲಲ್ಲೇ ಉಳಿದರೆ, ಒಣ ಕಸ ಒಣಗಿಯೇ ಇರುತ್ತದೆ. ತಾಈಗೆ ಅದರಲ್ಲಿ ಮಾರಲು ಒಳ್ಳೆಯ ಕಾಗದ, ಡಬ್ಬ ಸಿಗುತ್ತದೆ.

ಒಂದು ವಿನಂತಿ, ಇದನ್ನು ದಯವಿಟ್ಟು ಬರೆದುಕೊಳ್ಳಿ. ನಾವು ಗೊಬ್ಬರ ಮಾಡುತ್ತೇವೆ, ನಿಮ್ಮ ಕೆಲಸ ಅರ್ಧ ಆಯಿತು ಎಂದು ಅವರ ತಿಂಗಳ ಹಣ ಕಡಿಮೆ ಮಾಡಬೇಡಿ. ನಮ್ಮ ಕಟ್ಟಡದಲ್ಲಿ ಒಬ್ಬರು ಈ ಲೆಕ್ಕ ಹೇಳಿದಾಗ ನನಗೆ ಸಿಟ್ಟು ಬಂತು. ಬ್ಯಾಂಕಿನಲ್ಲಿ ಇದ್ದವಳು ನಾನು, ಲೆಕ್ಕ ನನಗೂ ಬರುತ್ತದೆ. ಇದು ಅಲ್ಲಿ ಹಾಕುವ ಲೆಕ್ಕವಲ್ಲ.

ಮನೆಯೊಳಗಿನ ಕೆಲಸದ ವಿಷಯದಲ್ಲೂ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಸಿಪ್ಪೆಯ ಪಾತ್ರೆಯನ್ನು ಹಿತ್ತಲಿಗೆ ಒಯ್ಯುವುದು ರಾತ್ರಿ ಊಟಕ್ಕೆ ಕೊನೆಗೆ ಬಂದು ಕೂತವರು. ನಮ್ಮಲ್ಲಿ ಕೊನೆಗೆ ಬರುವುದು ಯಾವಾಗಲೂ ನಮ್ಮ ಯಜಮಾನರು, ಟಿ.ವಿ. ವಾರ್ತೆ ಮುಗಿಯಬೇಕು. ಈಗ ಅವರಿಗೇ ರೂಢಿಯಾಗಿದೆ. ಎಲೆ ಸಾಲದಿದ್ದರೆ ನನ್ನನ್ನೇ ಗದರಿಸುತ್ತಾರೆ.

ಗಿಡಗಳ ಬಗ್ಗೆ ಕಾರ್ಯದರ್ಶಿಗಳು ಕೇಳಿದ್ದಾರೆ. ಅಲ್ಲೂ ನನ್ನದು ಸೋಮಾರಿ ಪದ್ಧತಿ. ವರ್ಷವರ್ಷ ಬಿತ್ತಬೇಕಾದದ್ದನ್ನು ಹಾಕುವುದೇ ಇಲ್ಲ. ಪಾತ್ರೆ ತೊಳೆಯುವ ಕಟ್ಟೆಯ ನೀರು ಹರಿಯುವಲ್ಲಿ ಬಾಳೆ, ಅದರ ಬುಡಕ್ಕೆ ಕೆಸು. ನೆಲ ಸದಾ ಒದ್ದೆಯಿರುವ ಮೂಲೆಯಲ್ಲಿ ಒಂದೆಲಗ. ನಾಲ್ಕು ಎಲೆ ಕಿತ್ತರೆ ತಂಬುಳಿ. ಬೇಲಿಗೆ ಬಸಳೆ. ಗೋಡೆಯ ಬುಡದಲ್ಲಿ ಕರಿಬೇವು, ದೊಡ್ಡಪತ್ರೆ, ಮಜ್ಜಿಗೆಹುಲ್ಲು. ಇಲ್ಲಿಯವರು ಅದನ್ನು ಗವತಿ ಚಹಾ ಎಂದು ಚಹಾಕ್ಕೆ ಹಾಕುತ್ತಾರೆ. ಒಂದು ನುಗ್ಗೆಮರ, ವರ್ಷಕ್ಕೊಮ್ಮೆ ನಾಲ್ಕಡಿಗೆ ಕಡಿಸಿದರೆ ಸೊಪ್ಪು ಕೈಗೆ ಸಿಗುತ್ತದೆ. ಮಳೆಗೆ ಮುಂಚೆ ಅರಿಸಿನದ ಕೊಂಬು ಹೂತರೆ ನಾಗರಪಂಚಮಿಯ ಹೊತ್ತಿಗೆ ಎಲೆ ಕಡುಬಿಗೆ ಬರುತ್ತದೆ. ಪಕ್ಕದ ಮನೆಯ ಕೊಂಕಣಿ ವಹಿನಿ ಪಾತೋಳಿಗೆಂದು ಅರಿಸಿನದ ಎಲೆ ಒಯ್ಯುತ್ತಾರೆ, ಬದಲಿಗೆ ಪಾತೋಳಿಯೇ ಬರುತ್ತದೆ. ಕೆಸುವಿನ ಎಲೆ ಮರಾಠಿ ಮನೆಗೆ ಹೋಗಿ ಅಳುವಡಿಯಾಗಿ ವಾಪಸ್ಸು. ಊರು ಬಿಟ್ಟು ಬಂದವರಿಗೆ ಅಕ್ಕಪಕ್ಕದವರ ಜೊತೆ ಮಾತು ಶುರುವಾಗಲು ಒಂದು ನೆಪ ಬೇಕಲ್ಲ, ನನಗೆ ಅದು ಎಲೆಯಾಯಿತು. ಮರಾಠಿ ಕಲಿತದ್ದೂ ಹೆಚ್ಚು ಕಡಿಮೆ ಹಾಗೆಯೇ.

ಗೊಬ್ಬರವನ್ನು ಮಣ್ಣಿಗೆ ಅಗೆದು ಸೇರಿಸುವುದಿಲ್ಲ. ಬುಡಕ್ಕೆ ಎರಡು ಘಮೇಲೆ ಸುರಿದು, ಮೇಲೆ ನಾಲ್ಕು ಬೆರಳು ದಪ್ಪ ಎಲೆ ಹೊದಿಸಿಬಿಡುತ್ತೇನೆ. ಉಳಿದದ್ದನ್ನು ಎರೆಹುಳ ನೋಡಿಕೊಳ್ಳುತ್ತದೆ. ಎಲೆ ಹೊದಿಸಿದ ಮೇಲೆ ಏಪ್ರಿಲ್‌ನಲ್ಲೂ ಎರಡು ದಿನಕ್ಕೊಮ್ಮೆ ನೀರು ಸಾಕಾಗುತ್ತದೆ, ಕಳೆಯೂ ಕಡಿಮೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಬಡಾವಣೆಯವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹಿತ್ತಲಿಲ್ಲದ ಫ್ಲ್ಯಾಟಿನವರಿಗೆ ಏನು ಎಂದು ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಬಾಲ್ಕನಿಯಲ್ಲಿ ತಳಕ್ಕೆ, ಪಕ್ಕಕ್ಕೆ ತೂತು ಕೊರೆದ ಪೇಂಟಿನ ದೊಡ್ಡ ಬಕೆಟ್ ಎರಡು ಇಡಿ. ಎಲೆಯ ಲೆಕ್ಕ ಅದೇ, ಎರಡಕ್ಕೆ ಒಂದು. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ ಬರುತ್ತದೆ. ಅದಕ್ಕಿಂತ ಒಳ್ಳೆಯದು, ಸೊಸೈಟಿಯ ಒಂದು ಮೂಲೆ ಕೇಳಿ ನಾಲ್ಕು ಮನೆಯವರು ಸೇರಿ ಒಂದು ಬಳೆ ಕಟ್ಟಿ. ಒಪ್ಪದಿದ್ದರೆ ಚಹಾಕ್ಕೆ ಕರೆಯಿರಿ.

ನನ್ನ ಸಮಯ ಮುಗಿಯಿತು ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನ ಮೇಲೆ ಒದ್ದೆ ಗೋಣಿಯಲ್ಲಿ ಬಸಳೆ ಕಡ್ಡಿ ಸುತ್ತಿಟ್ಟಿದ್ದೇನೆ, ಸುಮಾರು ಮೂವತ್ತು ಇವೆ. ಕಡ್ಡಿಯ ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ನೆಡಿ, ಎಂಟು ದಿನ ನೆರಳಿನಲ್ಲಿಡಿ. ಕೆಂಪು ದಂಟಿನದ್ದೂ ಇದೆ, ಹಸಿರಿನದ್ದೂ ಇದೆ. ಖಾಲಿ ಗೋಣಿಚೀಲವೂ ಹತ್ತು ತಂದಿದ್ದೇನೆ. ಹೋಗುವಾಗ ಈ ಸಭಾಂಗಣದ ಗೇಟಿನ ಹೊರಗಿನ ಮಳೆಮರದ ಕೆಳಗೆ ಒಮ್ಮೆ ನೋಡಿ.